ಕಾಂಕ್ರೀಟ್ ಗಟ್ಟಿಯಿದ್ದರೂ ಕಂಬಿಗೆ ತುಕ್ಕು ಯಾಕೆ?

ಸುಣ್ಣದ ಗಾರೆ ಗಟ್ಟಿಯಾಗುವುದು ಗಾಳಿಯಿಂದ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸುಣ್ಣ ಮತ್ತೆ ಕಲ್ಲಾಗುತ್ತದೆ. ಕಾಂಕ್ರೀಟ್ ಗಟ್ಟಿಯಾಗುವುದು ಸಿಮೆಂಟು ನೀರಿನ ಜೊತೆ ಸೇರಿ; ಆದರೆ ಗಟ್ಟಿಯಾದ ಮೇಲೆ ಅದರಲ್ಲೂ ಇಂಗಾಲದ ಡೈಆಕ್ಸೈಡಿನ ಈ ಕ್ರಿಯೆ ನಿಧಾನವಾಗಿ ನಡೆಯುತ್ತದೆ. ಇಲ್ಲಿ ಇದನ್ನು ಕಾರ್ಬೊನೇಷನ್ ಎನ್ನುತ್ತಾರೆ. ಇದರಿಂದ ಕಾಂಕ್ರೀಟಿಗೇನೂ ಕೇಡಿಲ್ಲ, ಮೇಲ್ಮೈ ಇನ್ನಷ್ಟು ಗಟ್ಟಿಯೇ ಆಗುತ್ತದೆ. ಏಟು ಬೀಳುವುದು ಒಳಗಿನ ಕಂಬಿಗೆ.

ರೋಮಿನ ಪ್ಯಾಂಥಿಯನ್ ಕಟ್ಟಿದ್ದು 2ನೇ ಶತಮಾನದಲ್ಲಿ. ಸುಮಾರು 43 ಮೀಟರ್ ಅಗಲದ ಅದರ ಕಾಂಕ್ರೀಟ್ ಗುಮ್ಮಟ ಇವತ್ತಿಗೂ ನಿಂತಿದೆ. ಅದು ಅಷ್ಟು ಬಾಳುವಾಗ ನಮ್ಮ ಕಟ್ಟಡಗಳು 40 ವರ್ಷಕ್ಕೇ ಉದುರುತ್ತವಲ್ಲ ಎಂದು ಕೇಳುವವರುಂಟು. ಆ ಗುಮ್ಮಟದಲ್ಲಿ ಕಂಬಿಯೇ ಇಲ್ಲ, ಅಲ್ವಾ? ತುಕ್ಕಿನ ಚಿಂತೆಯೂ ಇಲ್ಲ.

ಕಂಬಿ ಸೇರಿದ್ದು 19ನೇ ಶತಮಾನದಲ್ಲಿ. ಫ್ರಾನ್ಸಿನ ಲಾಂಬೋ 1848ರಲ್ಲಿ ಸಿಮೆಂಟು ಮತ್ತು ಕಬ್ಬಿಣದ ಬಲೆಯಿಂದ ದೋಣಿ ಮಾಡಿದ. ತೋಟಗಾರ ಮೋನಿಯೇ 1867ರಲ್ಲಿ ಗಿಡದ ತೊಟ್ಟಿಗಳಿಗೆ ಪೇಟೆಂಟ್ ಪಡೆದ. ಕಟ್ಟಡ ಕಟ್ಟುತ್ತಿದ್ದ ಎನ್ನೆಬಿಕ್ 1892ರಲ್ಲಿ ಕಂಬ, ತೊಲೆ, ಸ್ಲ್ಯಾಬ್ ಎಲ್ಲ ಒಂದಾಗಿ ನಿಲ್ಲುವ ಪದ್ಧತಿಗೆ ಪೇಟೆಂಟ್ ತೆಗೆದುಕೊಂಡ. ಎಳೆತ ತಾಳಲಾರದ ಕಾಂಕ್ರೀಟಿಗೆ ಕಬ್ಬಿಣ ಆಸರೆಯಾಯಿತು. ಕಬ್ಬಿಣಕ್ಕೂ ಲಾಭವಿತ್ತು. ಹೊಸ ಕಾಂಕ್ರೀಟ್ ತುಂಬ ಕ್ಷಾರೀಯ; ಕ್ಷಾರದ ಅಳತೆಯಾದ ಪಿಎಚ್ 12.5ಕ್ಕಿಂತ ಜಾಸ್ತಿ. ಅಂಥ ಕಡೆ ಕಂಬಿಯ ಮೇಲೆ ತೆಳುವಾದ ಆಕ್ಸೈಡ್ ಪೊರೆ ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ಇನ್ನೇನು ಬೇಕು, ನಿರ್ವಹಣೆಯೇ ಬೇಡದ ಕಟ್ಟಡ ಸಿಕ್ಕಿತು ಎಂಬ ನಂಬಿಕೆ ಬೆಳೆಯಿತು.

ಆ ಪೊರೆಗೆ ಕಾಲಮಿತಿ ಇದೆ. ಕಾರ್ಬೊನೇಷನ್ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಸಾಗುತ್ತದೆ. ಅದು ಮುಟ್ಟಿದ ಕಡೆ ಪಿಎಚ್ 9ರ ಆಸುಪಾಸಿಗೆ ಇಳಿಯುತ್ತದೆ, ಪೊರೆ ಕರಗುತ್ತದೆ. ಆಮೇಲೆ ನೀರು, ಆಮ್ಲಜನಕ ಸಿಕ್ಕರೆ ಸಾಕು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಕಂಬಿಯ ಉದ್ದಕ್ಕೂ ಬಿರುಕು ಬಿಡುತ್ತದೆ, ಕೊನೆಗೆ ಚಕ್ಕೆಗಳು ಕಳಚಿ ಬೀಳುತ್ತವೆ.

ಒಳಗೆ ಹೋದಷ್ಟೂ ವೇಗ ಕಡಿಮೆ. ಆಳ ಹೆಚ್ಚುವುದು ಸುಮಾರಾಗಿ ಕಾಲದ ವರ್ಗಮೂಲದ ಲೆಕ್ಕದಲ್ಲಿ. 10 ವರ್ಷದಲ್ಲಿ 10 ಮಿಲಿಮೀಟರ್ ಹೋದದ್ದು 20 ಮಿಲಿಮೀಟರ್ ತಲುಪಲು 40 ವರ್ಷ ಬೇಕು. ಅಂದರೆ ಕಂಬಿಯ ಮೇಲಿನ ಕವರ್, ಅಂದರೆ ಅದನ್ನು ಮುಚ್ಚಿರುವ ಕಾಂಕ್ರೀಟ್ ಪದರ, ಅರ್ಧಕ್ಕೆ ಇಳಿದರೆ ಕಟ್ಟಡ ಕಳೆದುಕೊಳ್ಳುವುದು ಆ ಕಾಲದ ಮುಕ್ಕಾಲು ಭಾಗವನ್ನು.

ಎರಡನೇ ಮಹಾಯುದ್ಧದ ನಂತರ ಆದದ್ದು ಹೆಚ್ಚುಕಡಿಮೆ ಇದೇ. ಮನೆಗಳು ಬೇಗ ಬೇಕಿತ್ತು, ಅಗ್ಗವಾಗಿ ಬೇಕಿತ್ತು. ತೆಳುವಾದ ಸ್ಲ್ಯಾಬ್, ಪ್ಲಾಸ್ಟರ್ ಇಲ್ಲದ ಬರಿಯ ಕಾಂಕ್ರೀಟ್ ಗೋಡೆ ಫ್ಯಾಷನ್ನೂ ಆಯಿತು. ನಕ್ಷೆಯಲ್ಲಿ ಕವರ್ ಇರುತ್ತಿತ್ತು, ಕಾಂಕ್ರೀಟ್ ಸುರಿಯುವಾಗ ಕಂಬಿ ತುಳಿತಕ್ಕೆ ಸಿಕ್ಕಿ ಹಲಗೆಗೆ ಅಂಟಿಕೊಳ್ಳುತ್ತಿತ್ತು. ಇದರ ಜೊತೆಗೆ ಸಿಮೆಂಟೂ ಬದಲಾಯಿತು. ಬೇಗ ಬಲ ಬರುವ ಸಿಮೆಂಟು ಬಂದಮೇಲೆ, ಕಡಿಮೆ ಸಿಮೆಂಟು ಹಾಕಿ, ಅದರ ಪ್ರಮಾಣಕ್ಕೆ ಹೋಲಿಸಿದರೆ ಜಾಸ್ತಿ ನೀರು ಬೆರೆಸಿಯೂ 28ನೇ ದಿನ ಕಾಂಕ್ರೀಟಿನ ಘನಾಕೃತಿಯ ತುಂಡನ್ನು ಒತ್ತಿ ಬಲ ನೋಡುವ ಕ್ಯೂಬ್ ಪರೀಕ್ಷೆಯಲ್ಲಿ ಪಾಸಾಗಬಹುದಿತ್ತು. ಹೆಚ್ಚಿನ ನೀರು ಆರಿದ ಜಾಗದಲ್ಲಿ ಸೂಕ್ಷ್ಮ ರಂಧ್ರ ಉಳಿದು ಗಾಳಿಗೆ ದಾರಿಯಾಯಿತು.

ನನ್ನ ದೃಷ್ಟಿಯಲ್ಲಿ ಮುಖ್ಯ ತಪ್ಪು ಈ ಕ್ಯೂಬಿನ ಮೇಲಿಟ್ಟ ಭರವಸೆ. ಅದು ಹೇಳುವುದು ಚೆನ್ನಾಗಿ ನೀರುಂಡ ಒಂದು ತುಂಡಿನ ಬಲವನ್ನು. ಕಂಬಿಯನ್ನು ಕಾಯುವುದು ಕಟ್ಟಡದ ಹೊರಗಿನ ಎರಡು ಮೂರು ಸೆಂಟಿಮೀಟರ್ ಪದರ. ಕ್ಯೂರಿಂಗ್, ಅಂದರೆ ಹೊಸ ಕಾಂಕ್ರೀಟನ್ನು ಒದ್ದೆಯಾಗಿಡುವುದು, ಕಡಿಮೆಯಾದರೆ ಮೊದಲು ಕೆಡುವುದೂ ಅದೇ. ಸುತ್ತಿಗೆ ಎಷ್ಟು ಪುಟಿಯುತ್ತದೆಂದು ಅಳೆಯುವ ರಿಬೌಂಡ್ ಪರೀಕ್ಷೆಯೂ ದಾರಿ ತಪ್ಪಿಸುತ್ತದೆ: ಕಾರ್ಬೊನೇಟ್ ಆದ ಮೇಲ್ಮೈ ಗಟ್ಟಿಯಿರುವುದರಿಂದ ಬಲ ಜಾಸ್ತಿ ಎಂದೇ ತೋರಿಸುತ್ತದೆ.

ನಿಜ ತಿಳಿಯುವುದು ಸುಲಭ. ಹೊಸದಾಗಿ ಒಡೆದ ಜಾಗಕ್ಕೆ ಫಿನಾಲ್ಫ್ಥಲೀನ್ ಎಂಬ, ಕ್ಷಾರಕ್ಕೆ ಬಣ್ಣ ಬದಲಿಸುವ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದ ಭಾಗ ಗುಲಾಬಿಯಾಗುತ್ತದೆ, ಹೋದ ಭಾಗ ಬಣ್ಣವಿಲ್ಲದೆ ಉಳಿಯುತ್ತದೆ. ಬಣ್ಣವಿಲ್ಲದ್ದು ಕಂಬಿಯವರೆಗೆ ಬಂದಿದ್ದರೂ ಒಣಗಿದ ಕೋಣೆಯೊಳಗೆ ತಕ್ಷಣ ಅಪಾಯವಿಲ್ಲ. ಒಮ್ಮೆ ನೆನೆದು ಒಮ್ಮೆ ಒಣಗುವ ಬಾಲ್ಕನಿ, ಸಜ್ಜಾಗಳೇ ಹೆಚ್ಚು ಕೆಡುತ್ತವೆ.

ಬಿರುಕಿಗೆ ಸುಮ್ನೆ ಸಿಮೆಂಟು ಮೆತ್ತಿದರೆ ಆಗುವುದಿಲ್ಲ. ಕಂಬಿಯ ಹಿಂಬದಿಯವರೆಗೂ ಕೆತ್ತಿ, ತುಕ್ಕು ತೆಗೆದು, ಹೊಸ ಗಾರೆ ತುಂಬಬೇಕು. ವಿದ್ಯುತ್ ಹಾಯಿಸಿ ಕ್ಷಾರವನ್ನು ಮರಳಿ ತರುವ ವಿಧಾನವೂ ಇದೆ.

ಈಗ ಇನ್ನೊಂದು ತೊಡಕು. ಇಂಗಾಲದ ಹೊರಸೂಸುವಿಕೆ ತಗ್ಗಿಸಲು ಹಾರುಬೂದಿ, ಕಬ್ಬಿಣದ ಕಿಟ್ಟ ಬೆರೆಸಿದ ಸಿಮೆಂಟು ಬಳಸುತ್ತಿದ್ದಾರೆ. ಕಂಬಿಗೆ ತುಕ್ಕು ಹಿಡಿಸುವ ಸಮುದ್ರದ ಉಪ್ಪನ್ನು ಅದು ಚೆನ್ನಾಗಿಯೇ ತಡೆಯುತ್ತದೆ. ಆದರೆ ಕ್ಷಾರದ ದಾಸ್ತಾನು ಕಡಿಮೆ, ಆದ್ದರಿಂದ ಕಾರ್ಬೊನೇಷನ್ ಬೇಗ ಸಾಗಬಹುದು. ಕೈಗಾರಿಕೆಗಳ ಯುಗಕ್ಕೆ ಮುಂಚೆ ಗಾಳಿಯಲ್ಲಿ ಸುಮಾರು 280 ಪಿಪಿಎಂ (ಹತ್ತು ಲಕ್ಷದಲ್ಲಿ 280 ಭಾಗ) ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಇಂಥ ಸಿಮೆಂಟಿಗೆ ಕ್ಯೂರಿಂಗ್ ಹೆಚ್ಚು ದಿನ ಬೇಕು. ಕೆಲಸ ಬೇಗ ಮುಗಿಸುವ ಅವಸರ ಬಂದಾಗ ಎಲ್ಲಕ್ಕಿಂತ ಮೊದಲು ಕಡಿತವಾಗುವುದು ಆ ದಿನಗಳೇ.