ಇಷ್ಟು ಜನ ದೊಡ್ಡವರಿದ್ದೂ ಮಗು ಕಣ್ತಪ್ಪುವುದೇಕೆ?

ಪ್ರಶ್ನೆ: ನಾವು ನಾಲ್ಕು ಮನೆಯವರು ಆಗಾಗ ಮಕ್ಕಳನ್ನು ಕರೆದುಕೊಂಡು ದಿನದ ಮಟ್ಟಿಗೆ ಹೊರಗೆ ಹೋಗುತ್ತೇವೆ. ಮಕ್ಕಳೆಲ್ಲ ಎರಡರಿಂದ ಐದು ವರ್ಷದವರು. ಕಳೆದ ಸಲ ಎಂಟು ಮಂದಿ ದೊಡ್ಡವರಿದ್ದೂ ಒಂದು ಮಗು ಸ್ವಲ್ಪ ಹೊತ್ತು ಯಾರ ಕಣ್ಣಿಗೂ ಬೀಳಲಿಲ್ಲ. ನಾನೊಬ್ಬಳೇ ಕರೆದೊಯ್ದಾಗ ಹೀಗಾಗುವುದಿಲ್ಲ. ಏಕೆ?

ಉತ್ತರ: ಎಂಟು ಮಂದಿ ಇದ್ದುದರಿಂದಲೇ ಹೀಗಾಗಿರುವ ಸಾಧ್ಯತೆ ಹೆಚ್ಚು. ಒಬ್ಬರೇ ಇದ್ದಾಗ ನೋಡಬೇಕಾದವರು ಯಾರೆಂಬ ಪ್ರಶ್ನೆಯೇ ಏಳುವುದಿಲ್ಲ. ಗುಂಪಿನಲ್ಲಾದರೆ, ಜಾರುಬಂಡೆಯ ಬಳಿ ಯಾರೋ ನಿಂತಿರುವುದನ್ನು ಕಂಡು ಮಗುವನ್ನು ಅವರು ನೋಡಿಕೊಳ್ಳುತ್ತಾರೆಂದು ನೀವು ಮಾತಿಗೆ ತಿರುಗುತ್ತೀರಿ. ಅವರೋ, ಮಗುವಿನ ತಾಯಿ ಇಲ್ಲೇ ಕುಳಿತಿದ್ದಾಳಲ್ಲ ಎಂದು ಫೋನ್ ತೆಗೆಯುತ್ತಾರೆ. ಇಬ್ಬರದೂ ಅಸಡ್ಡೆಯಲ್ಲ, ಇಬ್ಬರೂ ನಂಬಿದ್ದು ಇನ್ನೊಬ್ಬರನ್ನು.

ಮನಶ್ಶಾಸ್ತ್ರಜ್ಞರಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ 1968ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಮೈಕಿನ ಮೂಲಕ ಮಾತನಾಡುತ್ತಿದ್ದ ವಿದ್ಯಾರ್ಥಿಗಳಿಗೆ, ಅವರಲ್ಲೊಬ್ಬನಿಗೆ ಮೂರ್ಛೆಯ ಸೆಳವು ಬಂದಂತೆ ಕೇಳಿಸಲಾಯಿತು. ಅದನ್ನು ಕೇಳುತ್ತಿರುವವನು ತಾನೊಬ್ಬನೇ ಎಂದುಕೊಂಡವರಲ್ಲಿ ಶೇ. 85ರಷ್ಟು ಮಂದಿ ಆ ಧ್ವನಿ ನಿಲ್ಲುವ ಮೊದಲೇ ಎದ್ದು ಸುದ್ದಿ ಮುಟ್ಟಿಸಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದವರಲ್ಲಿ ಹಾಗೆ ಮಾಡಿದವರು ಶೇ. 31 ಮಾತ್ರ. ಅಲ್ಲಿದ್ದುದು ತುರ್ತು ಪರಿಸ್ಥಿತಿ, ಇಲ್ಲಿರುವುದು ಆಟದ ಮೈದಾನ. ಆದರೂ ಹೊಣೆ ಹಂಚಿಹೋಗುವ ಬಗೆ ಎರಡೂ ಕಡೆ ಒಂದೇ ಎಂದು ನನಗನ್ನಿಸುತ್ತದೆ.

ಆದ್ದರಿಂದ ‘ಎಲ್ಲರೂ ಸ್ವಲ್ಪ ಗಮನವಿಡಿ’ ಎಂಬ ಮಾತಿನಿಂದ ಪ್ರಯೋಜನವಿಲ್ಲ. ಒಂದು ಹೊತ್ತಿಗೆ ಒಬ್ಬರನ್ನು ಹೆಸರಿಟ್ಟು ನೇಮಿಸಬೇಕು. ಅವರು ಹರಟೆಯಿಂದಲೂ ಫೋನಿನಿಂದಲೂ ದೂರವಿದ್ದು ಮಕ್ಕಳನ್ನಷ್ಟೇ ನೋಡಬೇಕು. ಕಾಲು ಗಂಟೆ ಕಳೆದ ಮೇಲೆ ಸರದಿ ಬದಲಾಗಬೇಕು, ಏಕೆಂದರೆ ಅದಕ್ಕಿಂತ ಹೆಚ್ಚು ಹೊತ್ತು ಒಂದೇ ಸಮನೆ ಕಣ್ಣಿಟ್ಟಿರುವುದು ಕಷ್ಟ. ಸರದಿ ಬದಲಾಗುವ ಗಳಿಗೆಯೇ ಸೂಕ್ಷ್ಮವಾದುದು. ಕೊರಳಲ್ಲಿ ಒಂದು ಸೀಟಿ ಹಾಕಿಕೊಂಡಿದ್ದು, ಅದನ್ನು ತೆಗೆದು ಮುಂದಿನವರ ಕೈಗೇ ಕೊಟ್ಟು, ‘ಆರು ಮಕ್ಕಳು, ಇಬ್ಬರು ಮರಳಿನಲ್ಲಿ, ಮೂವರು ಉಯ್ಯಾಲೆಯ ಹತ್ತಿರ, ಒಬ್ಬಳು ಮರದ ಹಿಂದೆ’ ಎಂದು ಬಾಯಿಬಿಟ್ಟು ಹೇಳಿ, ಅವರು ‘ಸರಿ, ಕಂಡೆ’ ಎಂದ ಮೇಲೆಯೇ ಸರಿಯಬೇಕು. ಮೊದಲ ಸಲ ಇದು ನಾಟಕದಂತೆ ಕಂಡು ನಗು ಬರಬಹುದು, ಬರಲಿ.

ನೀರಿನ ಬಳಿ ಮಾತ್ರ ಈ ಏರ್ಪಾಡು ಸಾಲದು. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ಉಸಿರಿಗೇ ಒದ್ದಾಡುವಾಗ ಕೂಗಲು ಗಾಳಿ ಉಳಿದಿರುವುದಿಲ್ಲ. ಕೆಲವೇ ಅಂಗುಲ ಆಳದ ನೀರೂ ಚಿಕ್ಕ ಮಗುವಿಗೆ ಅಪಾಯವೇ. ಆದ್ದರಿಂದ ಅಲ್ಲಿ ಪ್ರತಿ ಚಿಕ್ಕ ಮಗುವಿಗೂ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಒಬ್ಬ ದೊಡ್ಡವರು ಇರಬೇಕು. ಮಗು ಕಾಣದಾದರೆ ಮೊದಲು ಹುಡುಕಬೇಕಾದುದೂ ನೀರಿನ ಕಡೆಯನ್ನೇ.

ಕಳೆದ ಸಲ ಆ ಮಗು ಯಾವ ಗಳಿಗೆಯಲ್ಲಿ ಕಾಣದಾಯಿತೆಂದು ನೀವು ಬರೆದಿಲ್ಲ. ಹೊರಡುವ ಹೊತ್ತೆಂದರೆ ನನಗೆ ಆಶ್ಚರ್ಯವಿಲ್ಲ. ಚಾಪೆ ಮಡಚುವವರು, ಡಬ್ಬಿ ಜೋಡಿಸುವವರು, ಒಂಟಿ ಚಪ್ಪಲಿ ಹುಡುಕುವವರು ಎಲ್ಲರೂ ಬಗ್ಗಿಕೊಂಡೇ ಇರುತ್ತಾರೆ. ಸೀಟಿ ಯಾರ ಕೊರಳಲ್ಲಿದೆಯೋ ಅವರು ಆಗ ಒಂದು ಚೀಲವನ್ನೂ ಮುಟ್ಟದೆ, ಕೊನೆಯ ಮಗು ವಾಹನದಲ್ಲಿ ಕೂರುವವರೆಗೆ ತಲೆ ಎಣಿಸುತ್ತ ನಿಂತಿರಲಿ.