ಗುಬ್ಬಿಯ ಹೆಲಿಕಾಪ್ಟರ್‌ಗೆ ಮೂಲ ಒಂದು ನೆಲಗುಬ್ಬಿ

ತುಮಕೂರು ದಾಟಿ ಗುಬ್ಬಿ ಕಡೆ ಹೊರಟರೆ ಕಣ್ಣಿಗೆ ಬೀಳುವುದು ತೆಂಗು, ಅಡಿಕೆ. ಅದೇ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಿದೆ. 2016ರ ಜನವರಿಯಲ್ಲಿ ಅಡಿಗಲ್ಲು ಬಿತ್ತು, 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯ್ತು. ಇಲ್ಲಿ ಮೊದಲು ಕೈಗೆತ್ತಿಕೊಂಡದ್ದು ಮೂರು ಟನ್ ಆಸುಪಾಸಿನ ಪುಟ್ಟ ಹೆಲಿಕಾಪ್ಟರ್, ಎಲ್‌ಯುಎಚ್ (ಲೈಟ್ ಯುಟಿಲಿಟಿ ಹೆಲಿಕಾಪ್ಟರ್). ಇಷ್ಟು ದೊಡ್ಡ ಜಾಗದಲ್ಲಿ ಇಷ್ಟು ಚಿಕ್ಕದೇಕೆ? ಅದಕ್ಕೆ 1955ರ ಫ್ರಾನ್ಸಿಗೆ ಹೋಗಬೇಕು.

ಆಗಿನ ಹೆಲಿಕಾಪ್ಟರ್‌ಗಳದ್ದು ಪಿಸ್ಟನ್ ಎಂಜಿನ್. ಭಾರ ಜಾಸ್ತಿ, ಕಸುವು ಕಡಿಮೆ. ಶಾರ್ಲ್ ಮಾರ್ಕೆಟಿ, ರೆನೆ ಮೂಯ್ ಅವರ ತಂಡ ಅದರ ಬದಲು ಹಗುರವಾದ ಟರ್ಬೈನ್, ಅಂದರೆ ಬಿಸಿಗಾಳಿಯ ರಭಸಕ್ಕೆ ತಿರುಗುವ ಎಂಜಿನ್, ಕೂರಿಸಿತು. ಆ ವರ್ಷದ ಮಾರ್ಚ್ 12ರಂದು ಆ ಹೆಲಿಕಾಪ್ಟರನ್ನು ಮೊದಲು ಹಾರಿಸಿದವರು ಝಾನ್ ಬೂಲೆ. ಹೆಸರು ಅಲುಯೆಟ್-2. ಅಲುಯೆಟ್ ಅಂದರೆ ನಮ್ಮ ನೆಲಗುಬ್ಬಿಯ ಬಳಗದ ಹಕ್ಕಿ. ಸುಮ್ನೆ ಕಾಕತಾಳೀಯ, ಆದರೂ ಗುಬ್ಬಿಯವರಿಗೆ ಹೇಳದೆ ಇರುವುದು ಹೇಗೆ?

1962ರಲ್ಲಿ ಎಚ್‌ಎಎಲ್ ಅಲುಯೆಟ್-3 ತಯಾರಿಸಲು ಒಪ್ಪಂದ ಮಾಡಿಕೊಂಡಿತು. ಅದೇ ನಮ್ಮ ಚೇತಕ್. ಆದರೆ ನಮ್ಮ ಸೇನೆಗೆ ಬೇಕಿದ್ದದ್ದು ಹಿಮಾಲಯದ ತೆಳುಗಾಳಿಯಲ್ಲಿ ಕೆಲಸ ಮಾಡುವ ಯಂತ್ರ. ಅಲ್ಲಿ ಎಂಜಿನ್‌ಗೆ ಉಸಿರು ಸಾಲದು, ರೆಕ್ಕೆಗೂ ಹಿಡಿತ ಸಿಗದು. ಫ್ರೆಂಚರು ಮಾಡಿದ ಉಪಾಯ ನಮ್ಮೂರ ಮೆಕ್ಯಾನಿಕ್‌ಗಳೂ ಮೆಚ್ಚುವಂಥದ್ದು: ಅಲುಯೆಟ್-2ರ ಹಗುರ ಮೈಗೆ ಅಲುಯೆಟ್-3ರ ಎಂಜಿನ್ನು, ರೆಕ್ಕೆ ಜೋಡಿಸಿದರು. ಮುಂದೆ ಗಾಜಿನ ಗುಳ್ಳೆ, ಹಿಂದೆ ಬರೀ ಕೊಳವೆಗಳ ಜಾಲರಿ. ಒಂದು ತುಂಡು ತಗಡೂ ಜಾಸ್ತಿಯಿಲ್ಲ. 1969ರಲ್ಲಿ ಹಿಮಾಲಯದ 7,500 ಮೀಟರ್ ಎತ್ತರದಲ್ಲಿ ಇಳಿದು, ಮತ್ತೆ ಮೇಲೆದ್ದಿತು. ಫ್ರೆಂಚರಿಗೆ ಅದು ಲಾಮಾ, ನಮಗೆ ಚೀತಾ.

1972ರ ಜೂನ್ 21ರಂದು ಬೂಲೆ ಲಾಮಾವನ್ನು 12,442 ಮೀಟರ್‌ಗೆ ಒಯ್ದರು. ಅಲ್ಲಿ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಲೇ ಇಲ್ಲ. ಜಾತ್ರೆಯ ಗಿರಗಿಟ್ಲೆ ಹಿಡಿದು ಓಡಿದರೆ ತಾನಾಗೇ ತಿರುಗುತ್ತದಲ್ವಾ? ಹಾಗೆ ಕೆಳಗಿನಿಂದ ನುಗ್ಗುವ ಗಾಳಿಗೇ ರೆಕ್ಕೆ ತಿರುಗಿಸಿಕೊಂಡು, ಅಷ್ಟೆತ್ತರದಿಂದ ಸುರಕ್ಷಿತವಾಗಿ ಇಳಿದರು.

1984ರಿಂದ ಸಿಯಾಚಿನ್‌ನ ಸೈನಿಕರಿಗೆ ಸಾಮಾನು ಒಯ್ದದ್ದು, ಗಾಯಾಳುಗಳನ್ನು ಕೆಳಗೆ ತಂದದ್ದು ಹೆಚ್ಚಾಗಿ ಈ ಚೀತಾಗಳೇ. ಈಗ ಅವು ಮುದಿಯಾಗಿವೆ. ಅವುಗಳ ಜಾಗಕ್ಕೆಂದೇ ಎಲ್‌ಯುಎಚ್ ಹುಟ್ಟಿದ್ದು. ಕೆಲಸ ಅದೇ, ಬೆಟ್ಟ ಅದೇ. ಹಾಗಾಗಿ ಗಾತ್ರವೂ ಚಿಕ್ಕದೇ. 2016ರ ಸೆಪ್ಟೆಂಬರ್ 6ರಂದು ಬೆಂಗಳೂರಿನಲ್ಲಿ ಅದು ಮೊದಲ ಸಲ ಹಾರಿತು. ಅದರ 'ಶಕ್ತಿ' ಎಂಜಿನ್ನನ್ನು ಎಚ್‌ಎಎಲ್ ಜೊತೆ ಸೇರಿ ರೂಪಿಸಿದ್ದು ಫ್ರಾನ್ಸಿನ ಎಂಜಿನ್ ಕಂಪನಿ ಟರ್ಬೊಮೆಕಾ. 1955ರ ನೆಲಗುಬ್ಬಿಗೆ ಟರ್ಬೈನ್ ಕೊಟ್ಟದ್ದೂ ಅದೇ ಕಂಪನಿ.