ರೆಕ್ಕೆಗೆ ಬಟ್ಟೆ ಹೊದಿಸುವಾಗ: ಮಲೆನಾಡಿನ ತೇವ, ಇಸ್ತ್ರಿಯ ಬಿಸಿ

ಹಗುರ ವಿಮಾನದ ಚೌಕಟ್ಟು ಮುಗಿಸಿದವರಿಗೆ ಬಟ್ಟೆ ಹೊದಿಸುವ ಆತುರ ಸಹಜ. ಆದರೆ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಈ ಕೆಲಸ ಮುಟ್ಟದಿರುವುದೇ ಲೇಸು. ಚಳಿಗಾಲದಲ್ಲೂ ಬೆಳಗಿನ ಇಬ್ಬನಿ ಆರಿದ ಮೇಲೆಯೇ ಬಟ್ಟೆಗೆ ಲೇಪ ಹಚ್ಚಬೇಕು. ಲೇಪದಲ್ಲಿರುವ ದ್ರಾವಕ ಆವಿಯಾಗುವಾಗ ಬಟ್ಟೆಯ ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲೇ ನೀರಾಗಿ ಕೂತು ಲೇಪದೊಳಗೆ ಸಿಕ್ಕಿಕೊಳ್ಳುತ್ತದೆ. ಮೈ ಬೆಳ್ಳಗೆ ಮಬ್ಬಾಯಿತೆಂದರೆ ಆ ಲೇಪ ದುರ್ಬಲ. ಅದರ ಮೇಲೆ ಇನ್ನೊಂದು ಕೋಟು ಹೊಡೆದು ಮುಚ್ಚಬೇಡಿ. ನಿಲ್ಲಿಸಿ, ಒಣ ದಿನ ನೋಡಿ, ಲೇಪದ ತಯಾರಕರೇ ಹೇಳುವ ರಿಟಾರ್ಡರ್ (ನಿಧಾನವಾಗಿ ಆರುವ ದ್ರಾವಕ) ಬಳಸಿ.

ಶೆಡ್ ಬೆಚ್ಚಗಾಗಲೆಂದು ಸೌದೆಯನ್ನೋ ಸೀಮೆಎಣ್ಣೆಯನ್ನೋ ಉರಿಸುವುದು ಎರಡು ಪಟ್ಟು ತಪ್ಪು. ಉರಿಯಿಂದ ನೀರಾವಿಯೂ ಹೊರಬರುತ್ತದೆ, ದ್ರಾವಕದ ಆವಿಗೆ ಕಿಡಿಯೂ ತಗಲುತ್ತದೆ. ಒಣ ತಿಂಗಳುಗಳಲ್ಲೇ ಅಡಿಕೆ ಸುಗ್ಗಿಯೂ ಬರುವುದರಿಂದ, ಬೇಯಿಸುವ ಹಂಡೆಯ ಹಬೆ, ಹೊಗೆ ತಲುಪದ ಜಾಗ ಹುಡುಕಿ. ಮಸಿ ಕೂತ ಬಟ್ಟೆಗೆ ಲೇಪ ಹಿಡಿಯದು.

ಮುಚ್ಚುವ ಮುನ್ನ ರೆಕ್ಕೆಯ ಮರದ ರಿಬ್ (ಆಕಾರ ಕೊಡುವ ಅಡ್ಡ ಪಕ್ಕೆಲುಬು), ಸ್ಪಾರ್‌ (ಉದ್ದದ ತೊಲೆ) ಇವುಗಳಿಗೆ ಎಪಾಕ್ಸಿ ವಾರ್ನಿಷ್ ಕೊಡಿ. ಬಟ್ಟೆಯ ಅಂಟಿನಲ್ಲಿರುವ ಎಂಇಕೆ (ಮೀಥೈಲ್ ಈಥೈಲ್ ಕೀಟೋನ್) ಎಂಬ ದ್ರಾವಕ ಸಾಧಾರಣ ವಾರ್ನಿಷನ್ನು ಎಬ್ಬಿಸಿಬಿಡುತ್ತದೆ. ಕೇಬಲ್, ಪುಲ್ಲಿ, ಬೋಲ್ಟುಗಳನ್ನು ತಪಾಸಣೆಯವರು ನೋಡಿ ಸಹಿ ಹಾಕುವ ತನಕ ಬಟ್ಟೆ ಕತ್ತರಿಸಬೇಡಿ.

ಡೇಕ್ರಾನ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಪಾಲಿಯೆಸ್ಟರ್) ಬಟ್ಟೆಯನ್ನು ಅಂಚುಗಳಿಗೆ ಅಂಟಿಸಿದ ಮೇಲೆ ಇಸ್ತ್ರಿಯ ಸರದಿ. ಇಡೀ ಕೆಲಸದ ಜೀವ ಇಲ್ಲೇ ಇದೆ. ಮನೆಯ ಇಸ್ತ್ರಿಪೆಟ್ಟಿಗೆಯ ಗುಂಡಿಯಲ್ಲಿ ಬರೆದ ಗುರುತು ನಂಬಬೇಡಿ. ಥರ್ಮಾಮೀಟರನ್ನು ಬಿಸಿ ಸಾಗಿಸುವ ಹೀಟ್‌ಸಿಂಕ್ ಪೇಸ್ಟ್ ಹಚ್ಚಿ ಅಡಿಪಟ್ಟಿಗೆ ಒತ್ತಿ ಅಳೆದು, ನಿಮ್ಮದೇ ಗುರುತು ಹಾಕಿಕೊಳ್ಳಿ. ಸಾಮಾನ್ಯ ಕ್ರಮ ಮೂರು ಸುತ್ತು: 121, 149, ಕೊನೆಗೆ 177 ಡಿಗ್ರಿ ಸೆಲ್ಸಿಯಸ್. ಪ್ರತಿ ಸುತ್ತಿನಲ್ಲೂ ಇಡೀ ಮೇಲ್ಮೈ ಮುಗಿಸಿ, ಮೇಲೆ ಕೆಳಗೆ ಎರಡೂ ಬದಿ ಸರಿಸಮ ಎಳೆಯುವಂತೆ ಮುಂದುವರಿಯಿರಿ. 190 ಡಿಗ್ರಿ ದಾಟಿದರೆ ಬಟ್ಟೆ ಬಿಗಿಯಾಗುವ ಬದಲು ಸಡಿಲಾಗುತ್ತದೆ, ಮತ್ತೆಷ್ಟು ಕಾಯಿಸಿದರೂ ಆ ಬಿಗಿ ಮರಳದು. ಅಂಟಿನ ಪಟ್ಟಿಯ ಮೇಲೆ ಪೂರ್ತಿ ಬಿಸಿ ಇಟ್ಟರೆ ಅಂಟು ಮೆತ್ತಗಾಗಿ ಜಾರುತ್ತದೆ. ತೀರಾ ಹಗುರವಾದ ಏಲರಾನ್ (ರೆಕ್ಕೆಯ ಹಿಂದಿನ ಚಲಿಸುವ ಫಲಕ), ರಡ್ಡರ್ (ಬಾಲದ ಚುಕ್ಕಾಣಿ) ಇವುಗಳ ಹಿಂಬದಿ ಅಂಚು ಬಟ್ಟೆಯ ಎಳೆತಕ್ಕೇ ಬಾಗುವುದುಂಟು. ಅಂಚಿಗೆ ನೇರ ಪಟ್ಟಿ ಹಿಡಿದು ನೋಡುತ್ತಿರಿ. ಕೂದಲೆಳೆಯಷ್ಟು ಬಾಗಿದರೂ ಅಲ್ಲಿಗೇ ನಿಲ್ಲಿಸಿ.

ಅಂಟೊಂದನ್ನೇ ನಂಬಿ, ಬಟ್ಟೆಯನ್ನು ರಿಬ್ಬಿಗೆ ಕಟ್ಟುವ ರಿಬ್ ಹೊಲಿಗೆ ಬಿಡುವವರಿದ್ದಾರೆ. ಹಾರಾಟದಲ್ಲಿ ರೆಕ್ಕೆಯ ಮೇಲ್ಬದಿಯ ಕಡಿಮೆ ಒತ್ತಡ ಬಟ್ಟೆಯನ್ನು ರಿಬ್ಬಿನಿಂದ ಮೇಲಕ್ಕೆಳೆಯುತ್ತದೆ. ಆದ್ದರಿಂದ ನಕ್ಷೆ ಹೊಲಿಗೆ ಕೇಳಿದ್ದರೆ ಅದನ್ನು ಬಿಡುವಂತಿಲ್ಲ. ರಿಬ್ಬಿನುದ್ದಕ್ಕೂ ಬಟ್ಟೆಯ ಮೇಲೆ ಬಲಪಟ್ಟಿ ಇಟ್ಟು, ಮೇಣ ಸವರಿದ ದಾರದಿಂದ ಹೊಲಿಯಿರಿ. ಪ್ರೊಪೆಲ್ಲರ್ ಗಾಳಿ ಬಡಿಯುವ ಭಾಗದಲ್ಲಿ ಹೊಲಿಗೆ ಒತ್ತೊತ್ತಾಗಿರಲಿ.

ಬೆಳ್ಳಿ ಬಣ್ಣದ ಕೋಟಿನಲ್ಲಿ ಜಿಪುಣತನ ಬೇಡ. ಅದರಲ್ಲಿನ ಅಲ್ಯೂಮಿನಿಯಂ ಪುಡಿಯೇ ಬಟ್ಟೆಯನ್ನು ಬಿಸಿಲಿನ ನೇರಳಾತೀತ ಕಿರಣದಿಂದ ಕಾಯುವುದು.

ನಮ್ಮ ಮಳೆಗೆ ಮುಖ್ಯವಾದದ್ದು ನೀರು ಬಸಿಯುವ ತೂತು. ವಿಮಾನ ನೆಲದ ಮೇಲೆ ನಿಂತಾಗ ಪ್ರತಿ ರಿಬ್ ನಡುವಿನ ಅಂಕಣದಲ್ಲೂ ಅತಿ ತಗ್ಗಿರುವ ಜಾಗದಲ್ಲಿ, ಸಾಮಾನ್ಯವಾಗಿ ಹಿಂಬದಿ ಅಂಚಿನ ಕೆಳಗೆ, ಗ್ರಾಮೆಟ್ (ತೂತಿನ ಅಂಚು ಕಾಯುವ ಸಣ್ಣ ಬಳೆ) ಅಂಟಿಸಿ. ತೂತನ್ನು ಬಿಸಿ ಮೊನೆಯಿಂದ ಸುಟ್ಟು ತೆರೆದರೆ ನೂಲು ಬಿಚ್ಚುವುದಿಲ್ಲ. ಲೇಪದ ಆವಿ ಪೂರ್ತಿ ಹೋದ ಮೇಲೆಯೇ ಇದನ್ನು ಮಾಡಿ. ಕಡಜಗಳು ಮಣ್ಣು ಮೆತ್ತಿ ಇವನ್ನು ಮುಚ್ಚುತ್ತವೆ. ನಿಲ್ಲಿಸಿಟ್ಟ ವಿಮಾನವಾದರೆ ಹಾರುವ ಮುನ್ನ ಒಂದೊಂದಕ್ಕೂ ಕಡ್ಡಿ ಹಾಕಿ ನೋಡಿ.